ಇಲ್ಲದ ಕುರ್ಚಿಗಳ ಕಚೇರಿಯಲ್ಲಿ ಅಕ್ಕಾವ್ರು

ಒಂದೇ ಆರ್ಥಿಕ ಹೊಡೆತ ಎರಡು ದೇಶಗಳಿಗೆ ಬಿದ್ದಾಗ, ಒಂದು ದೇಶದಲ್ಲಿ ಕೆಲಸ ಕಳೆದುಕೊಂಡವರು ವರ್ಷ ತಿರುಗುವುದರೊಳಗೆ ಮತ್ತೆ ದುಡಿಮೆಗೆ ಹತ್ತಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಅಂಥದೇ ಜನ, ಅಂಥದೇ ಕಸುಬು, ಅಂಥದೇ ಕೈ, ಆದರೂ ಮಕ್ಕಳು ದೊಡ್ಡವರಾಗುವ ತನಕ ಕಿಟಕಿಯ ಬಳಿ ಕೂತೇ ಇರುತ್ತಾರೆ. ಹೀಗೇಕೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಇಡೀ ವೃತ್ತಿಜೀವನವನ್ನೇ ಸವೆಸಿದ ವಿದ್ವಾಂಸರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವರ ಸಾಲಿನಲ್ಲಿ ಮೊದಲಿಗೆ ನಿಲ್ಲುವವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಅಕ್ಕಾವ್ರು. ಕಾರ್ಮಿಕ ಇಲಾಖೆಯ ಕಾರ್ಯದರ್ಶಿಯಿಂದ ಹಿಡಿದು ಕಚೇರಿಯ ಮೆಟ್ಟಿಲು ಗುಡಿಸುವಾಕೆಯವರೆಗೆ ಅವರನ್ನು ಹಾಗೆಯೇ ಕರೆದು ರೂಢಿ. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಈ ಲೇಖನ ಓದಿ ಮುಖ ಸಿಂಡರಿಸುತ್ತಾರೆಂಬುದು ಗೊತ್ತಿದ್ದೇ ಬರೆಯಲಾಗಿದೆ.

ಅವರ ಸಂಶೋಧನೆಯ ತಿರುಳನ್ನು ಎರಡು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಪ್ರಯತ್ನಿಸಬೇಕು. ನೌಕರರನ್ನು ವಜಾ ಮಾಡುವುದು ಕಠಿಣವಾಗಿರುವ ದೇಶದಲ್ಲಿ ಕೆಲಸ ಕಳೆದುಕೊಳ್ಳುವವರು ಕಡಿಮೆ. ಆದರೆ ಹೊಸಬರನ್ನು ಸೇರಿಸಿಕೊಳ್ಳಲೂ ಮಾಲೀಕರು ಹಿಂದೆಮುಂದೆ ನೋಡುವುದರಿಂದ, ಒಮ್ಮೆ ಹೊರಬಿದ್ದವರು ಹೊರಗೇ ಉಳಿಯುತ್ತಾರೆ. ಭತ್ಯೆ ಕೊಟ್ಟು ಕೈ ತೊಳೆದುಕೊಳ್ಳುವ ಸರ್ಕಾರದಲ್ಲಿ ನಿರುದ್ಯೋಗ ಬೇರು ಬಿಡುತ್ತದೆ, ಅಷ್ಟೇ ಭತ್ಯೆ ಕೊಟ್ಟು, ಜೊತೆಗೆ ಒಬ್ಬ ಅಧಿಕಾರಿ ವಾರವಾರವೂ ಎದುರಿಗೆ ಕೂತು "ಏನಪ್ಪಾ, ಎಲ್ಲಿಗೆ ಬಂತು?" ಎಂದು ಕೇಳುವ ಕಡೆ ಹಾಗಾಗುವುದಿಲ್ಲ. ಕಾರ್ಮಿಕ ಸಂಘಗಳು ಒಂದೊಂದು ಕಾರ್ಖಾನೆಯಲ್ಲೂ ಪ್ರತ್ಯೇಕವಾಗಿ ಸಂಬಳಕ್ಕೆ ಗುದ್ದಾಡುವುದಕ್ಕೂ, ಇಡೀ ದೇಶದ ಪರವಾಗಿ ಒಂದೇ ಮೇಜಿನಲ್ಲಿ ಕೂತು ಮಾತಾಡುವುದಕ್ಕೂ ಫಲ ಬೇರೆ. ಒಂದು ಕಾನೂನನ್ನು ಮಾತ್ರ ಹಿಡಿದು ಇದೇ ಕಳ್ಳ ಎನ್ನಬೇಡಿ, ಕಾನೂನುಗಳು ಒಂದರ ಹೆಗಲ ಮೇಲೆ ಇನ್ನೊಂದು ಹೇಗೆ ಕೈಯಿಟ್ಟಿವೆ ನೋಡಿ ಎಂಬುದು ಅವರು ಮೂವತ್ತು ವರ್ಷ ಹೇಳಿದ ಮಾತು. ಕೇಳಿಸಿಕೊಂಡವರು ಕೆಲವರು, ತಲೆಯಾಡಿಸಿ ಮನೆಗೆ ಹೋದವರು ಹಲವರು.

ಅಕ್ಕಾವ್ರ ಸೇವೆ ಆರಂಭವಾದದ್ದು ಉದ್ಯೋಗ ಸಮೀಕ್ಷೆಯ ಗಣತಿದಾರರಾಗಿ. ಮನೆಮನೆಗೂ ಹೋಗಿ, "ಕಳೆದ ವಾರ ಸಂಬಳಕ್ಕಾಗಿ ಒಂದು ಗಂಟೆಯಾದರೂ ಕೆಲಸ ಮಾಡಿದ್ರಾ? ಇಲ್ಲವಾದರೆ ಕೆಲಸ ಹುಡುಕಿದ್ರಾ?" ಎಂದು ಕೇಳುವುದು. ಮಾಡಿದೆ ಎಂದವರು ಉದ್ಯೋಗಿಗಳು. ಮಾಡಿಲ್ಲ, ಹುಡುಕಿದೆ ಎಂದವರು ನಿರುದ್ಯೋಗಿಗಳು. ಎರಡೂ ಇಲ್ಲವೆಂದವರು ಯಾವ ಲೆಕ್ಕಕ್ಕೂ ಇಲ್ಲದವರು. ಎದುರಿಗೆ ಉಸಿರಾಡುತ್ತಾ ನಿಂತ ಗಂಡಸು ಎರಡನೆಯ ಪ್ರಶ್ನೆಗೆ "ಇಲ್ಲ" ಎಂದ ಕ್ಷಣ ದೇಶದ ಅಂಕಿಅಂಶಗಳಿಂದ ಮಾಯವಾಗುವುದನ್ನು ಅವರು ಮೊದಲ ಬಾರಿ ನೋಡಿದ್ದು ಆಗಲೇ. ಆತ ಬಾಗಿಲು ಮುಚ್ಚಿಕೊಂಡ ಮೇಲೂ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಒಳಗಿನಿಂದ ಯಾವ ಸದ್ದೂ ಬರಲಿಲ್ಲವಂತೆ.

ಅಲ್ಲಿಂದ ಮುಂದೆ ಉನ್ನತ ವ್ಯಾಸಂಗ, ಡಾಕ್ಟರೇಟು, ಹಲವು ದೇಶಗಳ ಸುತ್ತಾಟ, ತಜ್ಞರ ಸಮಿತಿಗಳು. ಈ ಭಾಗವನ್ನು ಇದೇ ಅಭಿನಂದನಾ ಸಂಪುಟದಲ್ಲಿ ಬೇರೆಯವರು ವಿವರವಾಗಿ ಬರೆದಿದ್ದಾರಾದ್ದರಿಂದ ಇಲ್ಲಿ ಬಿಟ್ಟುಬಿಡೋಣ. ನಮಗೆ ಮುಖ್ಯವಾದದ್ದು, ಹೆಸರು ಮಾಡಿದ್ದ ಈ ಸಂಶೋಧಕಿ ಒಂದು ದಿನ ಎಲ್ಲರೂ ಮೂಗಿನ ಮೇಲೆ ಬೆರಳಿಡುವಂತೆ ಕುರ್ಚಿ ಕಂಪನಿಯ ನಿರ್ದೇಶಕಿಯ ಹುದ್ದೆಯನ್ನು ತಾವಾಗಿಯೇ ಕೇಳಿ ಪಡೆದದ್ದು.

ಕುರ್ಚಿ ಕಂಪನಿಯೆಂದರೇನೆಂದು ತಿಳಿಯದವರಿಗೆ ಒಂದು ಮಾತು. ಬಹುಕಾಲ ಕೆಲಸವಿಲ್ಲದವರಿಗೆ ಕಚೇರಿಯ ಅಭ್ಯಾಸ ತಪ್ಪದಿರಲೆಂದು ಹಲವು ಸರ್ಕಾರಗಳು ಮಾದರಿ ಕಂಪನಿಗಳನ್ನು ನಡೆಸುತ್ತವೆ. ನಮ್ಮದು ಹಳೆಯ ಅಂಚೆ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಭತ್ಯೆ ಪಡೆಯುವ ನಿರುದ್ಯೋಗಿಗಳು ಬೆಳಿಗ್ಗೆ ಬಂದು ಹಾಜರಿ ಹಾಕುತ್ತಾರೆ. ಮಾರಾಟ, ಖರೀದಿ, ಲೆಕ್ಕಪತ್ರ ಎಂದು ವಿಭಾಗಗಳಿವೆ, ಫೋನು ಹೊಡೆದುಕೊಳ್ಳುತ್ತವೆ, ಬಿಲ್ಲು ಹೋಗುತ್ತವೆ, ಗಿರಾಕಿಗಳು ತಡಮಾಡಿದರೆ ಬೈಗುಳವೂ ಹೋಗುತ್ತದೆ. ಇಲ್ಲದ್ದೆಂದರೆ ಕುರ್ಚಿ ಮಾತ್ರ. ನಾವು ಮಾರುವ ಕುರ್ಚಿಗಳನ್ನು ಯಾರೂ ಮಾಡಿಲ್ಲ. ಕೊಳ್ಳುವವರು ಬೇರೆ ಊರು, ಬೇರೆ ದೇಶಗಳ ಇಂಥವೇ ಮಾದರಿ ಕಂಪನಿಗಳ ನಿರುದ್ಯೋಗಿಗಳು. ನೌಕರರಿಗೆ ತಿಂಗಳ ಕೊನೆಗೆ ಮಾದರಿ ಸಂಬಳ ಮಾದರಿ ಖಾತೆಗೆ ಬೀಳುತ್ತದೆ. ದೇಶದ ಕಾರ್ಮಿಕ ಕಾನೂನು ಒಂದಕ್ಷರ ಬಿಡದೆ ಅಲ್ಲಿಯೂ ಅನ್ವಯ: ಸಂಘವಿದೆ, ರಜೆಯಿದೆ, ನೋಟೀಸಿನ ಅವಧಿಯಿದೆ. ಅಭ್ಯಾಸವೆಂದ ಮೇಲೆ ಪೂರ್ತಿ ಅಭ್ಯಾಸವಾಗಬೇಡವೇ?

ಕಟ್ಟಡದ ಹಿಂಭಾಗದಲ್ಲಿ ಒಂದು ಉದ್ದನೆಯ ಖಾಲಿ ಕೋಣೆ. ಅದು ನಮ್ಮ ಗೋದಾಮು. ಅಕ್ಕಾವ್ರು ಮೊದಲ ದಿನ ಅದರ ಬಾಗಿಲು ತೆರೆದಾಗ ಒಳಗಿದ್ದದ್ದು ಧೂಳು ಮತ್ತು ಎರಡು ಕಿಟಕಿಯ ಬೆಳಕು. ಆದರೂ ಪಕ್ಕದಲ್ಲಿದ್ದ ಗುಮಾಸ್ತರು ತಗ್ಗಿದ ದನಿಯಲ್ಲಿ, "ಮೇಡಂ, ಮೆಲ್ಲಗೆ, ಎಡಗಡೆ ಮಾಲಿದೆ" ಅಂದರಂತೆ. ಅಕ್ಕಾವ್ರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗುಮಾಸ್ತರು ನಗಲಿಲ್ಲ.

ಅಲ್ಲಿ ಅವರು ತೋರಿದ ಅಂತಃಕರಣವನ್ನು ನೆನೆದರೆ ಇಂದಿಗೂ ಕಣ್ಣು ತೇವವಾಗುತ್ತದೆ. ಸಂದರ್ಶನಕ್ಕೆ ಹೊರಟವರ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಡುತ್ತಿದ್ದರು. ಜವಳಿ ಅಂಗಡಿಯ ಕೆಲಸ ಹೋದ ಒಬ್ಬ ಹೆಂಗಸು ಮಾರಾಟ ವಿಭಾಗಕ್ಕೆ ಬಂದಾಗ ಫೋನೆತ್ತಿದರೆ ಕೈ ನಡುಗಿ, ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಕೆಲವೇ ದಿನಗಳಲ್ಲಿ ಆಕೆಗೆ ಗಿರಾಕಿಗಳ ಮೇಲೆ ಗಿರಾಕಿಗಳು ಬರತೊಡಗಿದರು: ಒಬ್ಬ ಒರಟು ಮುದುಕ, ಒಬ್ಬಳು ವಿಪರೀತ ಚೌಕಾಸಿಯ ಗೃಹಿಣಿ, ಮೂಗಿನಲ್ಲಿ ಮಾತಾಡುವ ಒಬ್ಬ ವ್ಯಾಪಾರಿ. ಆಕೆಯ ಕೈ ನಡುಕ ನಿಂತಿತು, ಬಾಯಿ ಎಷ್ಟು ತೆರೆಯಿತೆಂದರೆ ಎಲ್ಲರೂ 'ಫೋನಮ್ಮ' ಎಂದೇ ಕರೆಯುವಂತಾಯಿತು, ಕೊನೆಗೆ ಸಂಘದ ಕಾರ್ಯದರ್ಶಿಯೂ ಆದಳು. ಆ ಗಿರಾಕಿಗಳೆಲ್ಲ ಪಕ್ಕದ ಕೋಣೆಯಲ್ಲಿ ಮೂಗು ಹಿಡಿದುಕೊಂಡು ಕೂತ ಅಕ್ಕಾವ್ರೇ ಎಂದು ತಿಳಿದಾಗ ಫೋನಮ್ಮ ನಗುತ್ತಾ ಅತ್ತುಬಿಟ್ಟಳು. "ಆದ್ರೆ ಆ ಕೆಮ್ಮೋ ಮುದುಕ ಮಾತ್ರ ಚೆನ್ನಾಗಿದ್ದ ಅಕ್ಕಾವ್ರೇ," ಎಂದಳು. ಅಕ್ಕಾವ್ರಿಗೆ ಕೆಮ್ಮುವ ಮುದುಕನ ನೆನಪಾಗಲಿಲ್ಲ. ಅವರು ಎಂದೂ ಕೆಮ್ಮಿರಲಿಲ್ಲ.

ಅಕ್ಕಾವ್ರು ಈ ಹುದ್ದೆ ಕೇಳಿ ಪಡೆದದ್ದಕ್ಕೆ ಕಾರಣ ಅವರ ತಮ್ಮ. ಟರ್ಬೈನು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಆತ ಅಂಕಿಗಳಲ್ಲಿ ಎತ್ತಿದ ಕೈ. ನಮ್ಮ ಕಾನೂನಿನಂತೆ ಆ ಕಾರ್ಖಾನೆ ಯಾರನ್ನೂ ಸುಲಭವಾಗಿ ವಜಾ ಮಾಡುವಂತಿರಲಿಲ್ಲ. ಆದ್ದರಿಂದ ಅದು ಯಾರನ್ನೂ ವಜಾ ಮಾಡಲೇ ಇಲ್ಲ. ಬೇಸಿಗೆಯ ರಜೆ ಕೊಟ್ಟಿತು, ರಜೆಯನ್ನು ವಿಸ್ತರಿಸಿತು, ಹಿಂದಿನ ಬಾಗಿಲಿನಿಂದ ಯಂತ್ರಗಳನ್ನು ಸಾಗಿಸಿತು. ಮುಂದಿನ ಗೇಟು ಮುಚ್ಚಿತ್ತು, ಕೆಲಸವಿಲ್ಲವೆಂದು ಹೇಳುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಅಕ್ಕನ ಮನೆ ಸೇರಿದ ತಮ್ಮ. ಬೆಳಿಗ್ಗೆ ಎದ್ದು, ಬೂಟು ಹಾಕಿಕೊಂಡು, ಮತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಾತು ನಿಂತುಹೋಗಿತ್ತು. ದೇಶದೇಶಗಳ ನಿರುದ್ಯೋಗಕ್ಕೆ ಮದ್ದು ಬರೆದ ವಿದುಷಿಗೆ ತನ್ನ ಮನೆಯ ಹಾಸಿಗೆಯ ಮೇಲೆ ಬೂಟು ಹಾಕಿಕೊಂಡು ಮಲಗಿದವನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ, ಪಾಪ!

ಅವನನ್ನು ಕುರ್ಚಿ ಕಂಪನಿಗೆ ಕರೆತಂದು ಲೆಕ್ಕಪತ್ರ ವಿಭಾಗದಲ್ಲಿ ಕೂರಿಸಿದರು. ಮೊದಲ ವಾರವೇ ಅವನು ಮಾತಾಡಿದ: "ಅಕ್ಕ, ಈ ಬಿಲ್ಲು ತಪ್ಪಾಗಿದೆ." ಆ ನಾಲ್ಕು ಪದಗಳಿಗೆ ಅಕ್ಕಾವ್ರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತರು. ಆಮೇಲೆ ಅವನು ನಗತೊಡಗಿದ, ಚಹಾ ವಿರಾಮದಲ್ಲಿ ಜೋಕು ಹೊಡೆಯತೊಡಗಿದ, ಗೋದಾಮಿನ ಜವಾಬ್ದಾರಿಯನ್ನೂ ತಾನೇ ವಹಿಸಿಕೊಂಡ. ಅಕ್ಕನ ಎದೆಯ ಭಾರ ಇಳಿಯಿತು.

ಆ ಹೊತ್ತಿಗೆ ನದಿಯಾಚೆಯ ನೆರೆದೇಶದಲ್ಲಿ ದೊಡ್ಡ ಬದಲಾವಣೆಯಾಯಿತು. ಅಲ್ಲಿನ ಸರ್ಕಾರ ಭತ್ಯೆಯ ಅವಧಿಯನ್ನು ಆರು ತಿಂಗಳಿಗಿಳಿಸಿ, ವಜಾ ಮಾಡುವುದನ್ನು ಸಲೀಸುಗೊಳಿಸಿ, ಮಾದರಿ ಕಂಪನಿಗಳಿಗೆಲ್ಲ ಬೀಗ ಜಡಿಯಿತು. ಎರಡೇ ವರ್ಷದಲ್ಲಿ ಅಲ್ಲಿನ ನಿರುದ್ಯೋಗದ ಪ್ರಮಾಣ ಅರ್ಧಕ್ಕರ್ಧ ಇಳಿಯಿತು. ನಮ್ಮ ಮಂತ್ರಿಗಳ ಕಣ್ಣು ಅರಳಿತು. ನಾವೂ ಹಾಗೇ ಮಾಡಬಾರದೇಕೆ ಎಂದು ವರದಿ ಕೊಡುವ ಹೊಣೆ ಅಕ್ಕಾವ್ರ ಹೆಗಲೇರಿತು. ಹೌದೆಂದು ಬರೆದರೆ ಕುರ್ಚಿ ಕಂಪನಿ ಮುಚ್ಚುತ್ತದೆ, ತಮ್ಮ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಅದಕ್ಕೆಂದೇ ಇಲ್ಲವೆಂದು ಬರೆಯುವ ಜಾಯಮಾನ ಅವರದಲ್ಲ.

ಚಿಂತೆಯಲ್ಲಿದ್ದ ಅಕ್ಕಾವ್ರಿಗೆ ಒಂದು ಬೆಳಿಗ್ಗೆ ಫೋನಮ್ಮನ ಮಾತು ಕಿವಿಗೆ ಬಿತ್ತು. "ದೀಪದ ಕಂಪನಿಯವರು ಇವತ್ತೂ ಆರ್ಡರ್ ಕೊಟ್ರು. ಪಾಪ, ಒಳ್ಳೆ ಗಿರಾಕಿ."

"ಯಾವ ದೀಪದ ಕಂಪನಿ?"

"ನದಿಯಾಚೆಯವ್ರು ಅಕ್ಕಾವ್ರೇ. ಲಾಟೀನು ತಾತ ಅಂತ ಹೇಳ್ತೀನಲ್ಲ, ಅವರೇ. ದಿನಾ ಬೆಳಿಗ್ಗೆ ಫೋನ್ ಮಾಡ್ತಾರೆ. ಕೆಮ್ಮು ಜಾಸ್ತಿ ಆಗಿದೆ ಅಷ್ಟೇ."

ದೀಪದ ಕಂಪನಿ ನೆರೆದೇಶದ ಮಾದರಿ ಕಂಪನಿ. ಅದು ಮುಚ್ಚಿ ಎರಡು ವರ್ಷವಾಗಿತ್ತು.

ಮರುದಿನವೇ ಅವರು ರೈಲು ಹತ್ತಿದರು. ವಿಳಾಸದ ಕಟ್ಟಡ ಸಿಕ್ಕಿತು: ಕೆಳಗೆ ಹಲ್ಲಿನ ಡಾಕ್ಟರ ಕೋಣೆ, ಮೇಲೆ ಬಣ್ಣ ಎದ್ದ ಬಾಗಿಲು, ಬಾಗಿಲ ಮೇಲೆ ಸರ್ಕಾರದ ಮೊಹರಿನ ಕಾಗದ. ಕಾಗದವನ್ನು ಬಾಗಿಲಿನ ಸಂದಿಗೆ ಸರಿಯಾಗಿ ಅಚ್ಚುಕಟ್ಟಾಗಿ ಕತ್ತರಿಸಲಾಗಿತ್ತು, ಬಾಗಿಲು ತೆಗೆದರೆ ಹರಿಯದಂತೆ. ಒಳಗಿನಿಂದ ಟೈಪು ಮಾಡುವ ಸದ್ದು ಬರುತ್ತಿತ್ತು.

ಬಾಗಿಲು ತಳ್ಳಿದರು. ಮೇಜುಗಳನ್ನೆಲ್ಲ ಕಿಟಕಿಯತ್ತ ಒತ್ತರಿಸಿದ್ದರು, ಏಕೆಂದರೆ ಕರೆಂಟು ಇರಲಿಲ್ಲ; ದೀಪದ ಕಂಪನಿಯಲ್ಲಿ ಒಂದು ದೀಪವೂ ಇರಲಿಲ್ಲ. ಕೋಟು ತೊಟ್ಟ ಗಂಡಸರು, ತಲೆ ಬಾಚಿದ ಹೆಂಗಸರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಒಬ್ಬರೂ ಕತ್ತೆತ್ತಲಿಲ್ಲ. ಕಿಟಕಿಯಾಚೆ ಮೋಡ ಅಡ್ಡ ಬಂದು ಕೋಣೆ ಕತ್ತಲಾಯಿತು. ಆಗ ಎಲ್ಲರ ಪೆನ್ನುಗಳೂ ಒಟ್ಟಿಗೆ ನಿಂತವು. ಮೋಡ ಸರಿಯಿತು, ಎಲ್ಲವೂ ಒಟ್ಟಿಗೆ ಮತ್ತೆ ಹೊರಟವು.

ಮೂಲೆಯ ಮೇಜಿನಿಂದ ಕೆಮ್ಮು ಕೇಳಿಸಿತು. "ಬನ್ನಿ ಬನ್ನಿ, ಕುರ್ಚಿ ಕಂಪನಿಯವರಲ್ವಾ? ಕೂತ್ಕೊಳ್ಳಿ," ಎಂದರು ಲಾಟೀನು ತಾತ. ತೋಳಿನ ಅಂಚು ಸವೆದ ಕೋಟು, ನುಣ್ಣಗೆ ಕ್ಷೌರ ಮಾಡಿದ ಕೆನ್ನೆ.

"ತಾತ, ಈ ಕಂಪನಿ ಮುಚ್ಚಿದಾರೆ. ನಿಮಗೆ ಗೊತ್ತಲ್ವಾ?"

"ಗೊತ್ತಿಲ್ದೆ ಏನಮ್ಮಾ? ಮೊಹರು ಹಾಕಿದ ದಿನ ನಾನೇ ಬಾಗಿಲ ಹತ್ರ ನಿಂತಿದ್ದೆ. ಸರ್ಕಾರದವರು ಹೋದ್ರು. ನಮಗೆ ಮನೆಗೆ ಹೋಗೋಕೆ ಕಾಲು ಬರ್ಲಿಲ್ಲ."

"ಮತ್ತೆ ಫೋನು?"

"ಕೆಳಗಡೆ ಹಲ್ಲಿನ ಡಾಕ್ಟ್ರದ್ದು. ಒಳ್ಳೆ ಮನುಷ್ಯ. ಬೆಳಿಗ್ಗೆ ಒಂದ್ಸಲ ಮಾಡ್ಕೊಳ್ಳಿ ಅಂದಿದಾರೆ."

"ಮನೆ ಹೇಗೆ ನಡೆಯುತ್ತೆ?"

"ನಮ್ಮನೆಯವಳು ಬೇಕರೀಲಿ ದುಡೀತಾಳೆ. ಭಾನುವಾರ ನಾನು ಮೂಟೆ ಹೊರ್ತೀನಿ. ಅದು ಬಿಡಿ, ಕೆಲಸ ಅಲ್ಲ ಅದು." ತಾತ ಕೋಟಿನ ಮಡಿಕೆ ಸರಿಮಾಡಿಕೊಂಡರು. "ಸಮೀಕ್ಷೆಯವರು ಬಂದಿದ್ರು. ಕೆಲಸ ಮಾಡ್ತಿದೀರಾ ಅಂತ ಕೇಳಿದ್ರು. ಮಾಡ್ತಿದೀನಿ, ದೀಪದ ಕಂಪನೀಲಿ ಖರೀದಿ ಅಧಿಕಾರಿ ಅಂದೆ. ಸಂಬಳ ಬರುತ್ತಾ ಅಂದ್ರು. ತಿಂಗಳು ತಿಂಗಳೂ ಖಾತೆಗೆ ಬೀಳುತ್ತೆ ಅಂದೆ. ಬರ್ಕೊಂಡು ಹೋದ್ರು. ಇಲ್ಲಿ ಎಲ್ರೂ ಹಾಗೇ ಹೇಳಿದೀವಿ. ಸುಳ್ಳು ಹೇಳಿದ್ವಾ?"

ಗಣತಿದಾರರಾಗಿ ಇಂಥ ಸಾವಿರ ಬಾಗಿಲು ತಟ್ಟಿದ್ದ ಅಕ್ಕಾವ್ರಿಗೆ ಉತ್ತರ ಗೊತ್ತಿತ್ತು. ಪ್ರಶ್ನೆಯನ್ನು ನಿಯಮದಂತೆ ಕೇಳಲಾಗಿದೆ, ಉತ್ತರವನ್ನು ನಿಯಮದಂತೆ ಬರೆದುಕೊಳ್ಳಲಾಗಿದೆ. ಈ ಕೋಣೆಯ ಅಷ್ಟೂ ಜನ ನೆರೆದೇಶದ ಲೆಕ್ಕದಲ್ಲಿ ಉದ್ಯೋಗಿಗಳು. ಇಂಥ ಕೋಣೆಗಳು ಇನ್ನೆಷ್ಟಿವೆಯೋ ಯಾರಿಗೆ ಗೊತ್ತು! ಇಳಿದ ಅಂಕಿಯೆಲ್ಲ ಹೀಗೆಯೇ ಇಳಿದದ್ದೆಂದು ಅಕ್ಕಾವ್ರು ಎಂದೂ ಹೇಳಲಿಲ್ಲ, ಅಷ್ಟು ಅವಸರದವರಲ್ಲ ಅವರು. ಹಲವರಿಗೆ ನಿಜಕ್ಕೂ ಕೆಲಸ ಸಿಕ್ಕಿತ್ತು, ಕೆಲವರು ಹುಡುಕುವುದನ್ನೇ ಬಿಟ್ಟು ಲೆಕ್ಕದಿಂದ ಜಾರಿದ್ದರು, ಉಳಿದ ಕೆಲವರು ಇಲ್ಲಿ ಕಿಟಕಿಯ ಬೆಳಕಿನಲ್ಲಿ ಕೂತಿದ್ದರು. ಹೊರಡುವಾಗ ತಾತ ಬಾಗಿಲವರೆಗೆ ಬಂದು, "ನಿಮ್ಮ ಲೆಕ್ಕಪತ್ರದ ಹುಡುಗ ತುಂಬಾ ಚೊಕ್ಕ ಕಣಮ್ಮಾ. ನಮ್ಮೋರಲ್ಲೊಬ್ಬನ ಥರಾನೇ," ಎಂದರು. ಆ "ನಮ್ಮೋರಲ್ಲೊಬ್ಬನ ಥರ" ಎಂಬ ಮಾತು ರೈಲಿನುದ್ದಕ್ಕೂ ಅವರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಹಿಂತಿರುಗಿದ ದಿನ ಕಂಪನಿಯಲ್ಲಿ ವರ್ಷದ ದಾಸ್ತಾನು ಎಣಿಕೆ ನಡೆಯುತ್ತಿತ್ತು. ಅಕ್ಕಾವ್ರು ಗೋದಾಮಿನ ಬಾಗಿಲಲ್ಲಿ ನಿಂತರು. ಖಾಲಿ ಕೋಣೆಯ ನಡುವೆ ತಮ್ಮ ಓಡಾಡುತ್ತಾ, ಗಾಳಿಯಲ್ಲಿ ಬೆರಳಾಡಿಸಿ ಎಣಿಸುತ್ತಿದ್ದ. ಅಭ್ಯಾಸ ತಾನೇ, ಎಲ್ಲರೂ ಹಾಗೇ ಮಾಡುವುದು. ಆದರೆ ಎಡಗಡೆಯ ಮೂಲೆಗೆ ಬಂದಾಗ ಅವನು ಮೈ ಅಡ್ಡ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಇಕ್ಕಟ್ಟಾದ ಸಂದಿಯಲ್ಲಿ ನುಸುಳುವವನಂತೆ ಸರಿದುಹೋದ. ಅಕ್ಕನನ್ನು ಅವನು ನೋಡಿರಲಿಲ್ಲ. ಯಾರಿಗೂ ತೋರಿಸಲೆಂದು ಮಾಡಿದ್ದಲ್ಲ ಅದು. ಅಂಗಿಯ ತೋಳು ಎಲ್ಲೋ ಸಿಕ್ಕಿಕೊಂಡಿತೇನೋ, ಬಿಡಿಸಿಕೊಂಡು ಮುಂದೆ ಹೋದ.

ಯಾವುದನ್ನು ಅಕ್ಕಾವ್ರು ತಮ್ಮನ ಔಷಧಿಯೆಂದು ತಂದುಕೊಟ್ಟಿದ್ದರೋ ಅದೇ ಅವನನ್ನು ಮೆಲ್ಲಗೆ ನುಂಗುತ್ತಿತ್ತು.

ಅವರ ವರದಿಯನ್ನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಮಂತ್ರಿಗಳ ಸಮಿತಿಯ ಮುಂದೆ ಅವರಾಡಿದ ಮಾತು ಅದರಲ್ಲಿಲ್ಲ: "ಅವರ ಕಾನೂನು ಜನರನ್ನ ಹೊರಗೆ ದಬ್ಬಿ ಬಾಗಿಲು ಹಾಕ್ಕೊಳ್ಳುತ್ತೆ. ನಮ್ಮದು ಒಳಗೆ ಕೂರಿಸಿ ಬಾಗಿಲು ಹಾಕುತ್ತೆ. ಎರಡೂ ಕೋಣೆ ನೋಡಿ ಬಂದಿದೀನಿ ಸ್ವಾಮಿ. ಒಳಗಡೆ ಕೂತೋರಿಗೆ ವ್ಯತ್ಯಾಸ ಗೊತ್ತಾಗಲ್ಲ." ಭತ್ಯೆ ಇರಲಿ, ಮಾದರಿ ಕಂಪನಿಗಳೂ ಇರಲಿ, ಆದರೆ ಪ್ರತಿಯೊಬ್ಬರಿಗೂ ಒಬ್ಬ ಉದ್ಯೋಗಾಧಿಕಾರಿ ಇರಬೇಕು, ಮತ್ತು ತಕ್ಕ ಕೆಲಸ ಒದಗಿದಾಗ ಹೋಗಲೊಲ್ಲದವರನ್ನು ಮಾದರಿ ಕಂಪನಿ ಇಟ್ಟುಕೊಳ್ಳಕೂಡದು ಎಂಬುದು ಅವರ ಶಿಫಾರಸು. ಸರ್ಕಾರ ಒಪ್ಪಿತು.

ಆ ನಿಯಮ ಮೊಟ್ಟಮೊದಲು ತಟ್ಟಿದ್ದು ಅವರ ಮನೆಗೇ. ಬಸ್ ಡಿಪೋದಲ್ಲಿ ಲೆಕ್ಕದ ಗುಮಾಸ್ತನ ಹುದ್ದೆ ಖಾಲಿಯಾಯಿತು, ಉದ್ಯೋಗಾಧಿಕಾರಿ ತಮ್ಮನ ಹೆಸರು ಕಳಿಸಿದರು, ಡಿಪೋದವರು ಬಾ ಎಂದರು. ಊಟಕ್ಕೆ ಕೂತಾಗ ಅಕ್ಕಾವ್ರು ವಿಷಯ ತೆಗೆದರು.

"ಯಾವಾಗಿಂದ ಹೋಗ್ತೀಯೋ?"

"ಎಲ್ಲಿಗೆ?"

"ಡಿಪೋಗೆ ಕಣೋ."

ಅಕ್ಕನನ್ನು ತಮ್ಮ ಕನಿಕರದಿಂದ ನೋಡಿದ, ಏನೋ ಮರೆತವಳನ್ನು ನೋಡುವಂತೆ. "ನನಗೆ ಕೆಲಸ ಇದೆಯಲ್ಲಕ್ಕ," ಎಂದ.

ಅವರು ಗದರಿದರು, ಬೇಡಿಕೊಂಡರು. ಅವನು ಕ್ಯಾರೇ ಅನ್ನಲಿಲ್ಲ, ತಟ್ಟೆ ತೊಳೆದಿಟ್ಟು ಮಲಗಲು ಹೋದ. ಮರುದಿನ ಬೆಳಿಗ್ಗೆ ನಿರ್ದೇಶಕಿಯವರು ಲೆಕ್ಕಪತ್ರ ವಿಭಾಗಕ್ಕೆ ಬಂದು ತಮ್ಮನ ಕೈಗೆ ವಜಾ ನೋಟೀಸು ಕೊಟ್ಟರು.

ಕಂಪನಿ ಕಂಪನಿಯೇ ಎದ್ದು ನಿಂತಿತು. ಫೋನಮ್ಮ ಸಂಘದ ಪರವಾಗಿ ಪಟ್ಟು ಹಿಡಿದಳು, ಇಲ್ಲದ ಕುರ್ಚಿಗಳ ಸಾಗಾಟವನ್ನು ಮೂರು ದಿನ ನಿಲ್ಲಿಸಿದಳು. ಕಾನೂನಿನಂತೆ ವಿಚಾರಣೆ ನಡೆಯಿತು. ಒಂದು ಕಡೆ ಅಕ್ಕಾವ್ರು ಒಬ್ಬರೇ, ಇನ್ನೊಂದು ಕಡೆ ಅವರು ಇಸ್ತ್ರಿ ಹಾಕಿಕೊಟ್ಟ ಅಂಗಿಗಳನ್ನು ತೊಟ್ಟ ಜನರೆಲ್ಲ.

"ನನ್ನ ಕೆಲಸದಲ್ಲಿ ಏನು ತಪ್ಪಿದೆ ಹೇಳಕ್ಕ," ಎಂದ ತಮ್ಮ.

"ತಪ್ಪೇನೂ ಇಲ್ಲ ಕಣೋ. ಕೆಲಸಾನೇ ಇಲ್ಲ."

"ಗೋದಾಮಿನ ತುಂಬಾ ಮಾಲಿದೆ! ನಾನು ಹೋದ್ರೆ ಯಾರು ನೋಡ್ಕೋತಾರೆ?"

ಯಾರೂ ನಗಲಿಲ್ಲ. ಅಕ್ಕಾವ್ರು ಎದ್ದರು, ತಮ್ಮನ ಮಣಿಕಟ್ಟು ಹಿಡಿದು ಗೋದಾಮಿಗೆ ನಡೆದರು. ಎಲ್ಲರೂ ಹಿಂದೆ ಬಂದರು. ಮಟಮಟ ಮಧ್ಯಾಹ್ನ, ಎರಡೂ ಕಿಟಕಿಗಳಿಂದ ಬಿಸಿಲು ಬಿದ್ದು ನೆಲದ ಬಿರುಕೂ ಕಾಣುತ್ತಿತ್ತು. ಅವರು ಕೈ ಬಿಟ್ಟು, ನೇರವಾಗಿ ಎಡಗಡೆಯ ಮೂಲೆಗೆ ಹೆಜ್ಜೆ ಹಾಕಿದರು.

"ಅಕ್ಕ, ಬೇಡ! ಬೀಳ್ತವೆ!" ಎಂದು ತಮ್ಮ ಚೀರಿ ಎರಡೂ ಕೈ ಮೇಲೆತ್ತಿದ, ಉರುಳುವುದನ್ನು ತಡೆಯುವವನಂತೆ. ಬಾಗಿಲಲ್ಲಿ ನಿಂತಿದ್ದ ಜನರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಫೋನಮ್ಮ ಕಿವಿ ಮುಚ್ಚಿಕೊಂಡಳು. ಅಕ್ಕಾವ್ರು ಆಮೇಲೆ ಒಬ್ಬರೊಡನೆ ಮಾತ್ರ ಹೇಳಿಕೊಂಡದ್ದು ಇದು: ಆ ಜಾಗಕ್ಕೆ ಕಾಲಿಟ್ಟಾಗ ಅವರ ಹೆಗಲಿಗೆ ಮರದ್ದೇನೋ ತಾಗಿತು, ತಣ್ಣಗೆ, ಗಟ್ಟಿಯಾಗಿ. ಒಂದು ಕ್ಷಣ ಅವರೂ ಮೈ ಅಡ್ಡ ಮಾಡಲು ಹೊರಟಿದ್ದರು. ಮಾಡಲಿಲ್ಲ. ಹಲ್ಲು ಕಚ್ಚಿ ಮುಂದೆ ನಡೆದು, ಮೂಲೆಯ ನಡುಮಧ್ಯೆ ನಿಂತು, ತಿರುಗಿ, ತಮ್ಮನ ಮುಖ ನೋಡಿದರು.

"ನಿನಗೆ ಕೆಲಸ ಇಲ್ಲ," ಎಂದರು. "ಕಾರ್ಖಾನೇಲೂ ಇಲ್ಲ. ಇಲ್ಲೂ ಇಲ್ಲ. ಕೆಲಸ ಹೋಗಿದೆ ಕಣೋ."

ತಮ್ಮನ ಕೈಗಳು ನಿಧಾನವಾಗಿ ಕೆಳಗಿಳಿದವು. ಅವನು ನೆಲದ ಮೇಲೆ ಕೂತ. ಸುತ್ತ ನೋಡಿದ, ಇಷ್ಟು ದಿನ ಇದ್ದದ್ದನ್ನು ಯಾರೋ ಅವನ ಕಣ್ಣೆದುರೇ ಸಾಗಿಸುತ್ತಿದ್ದಾರೆಂಬಂತೆ. ಆಮೇಲೆ ಎದ್ದು, ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಅವತ್ತೇ ಮನೆಯನ್ನೂ ಬಿಟ್ಟ. ಅಕ್ಕಾವ್ರು ಹುಡುಕದ ಬೀದಿಯಿಲ್ಲ. ಕೆಲವು ವಾರಗಳ ಮೇಲೆ ಉದ್ಯೋಗಾಧಿಕಾರಿಯಿಂದ ಸುದ್ದಿ ಬಂತು: ಡಿಪೋಗೆ ತಾನಾಗಿಯೇ ಹೋಗಿ ಕೇಳಿ ಕೆಲಸಕ್ಕೆ ಸೇರಿದ್ದಾನೆ, ಪಕ್ಕದಲ್ಲೇ ಒಂದು ಬಾಡಿಗೆ ಕೋಣೆ ಹಿಡಿದಿದ್ದಾನೆ. ಅಕ್ಕಾವ್ರು ಓಡಿಹೋದರು. ಪಾಸು ಕೊಡುವ ಗಾಜಿನ ಕಿಂಡಿಯಾಚೆಯಿಂದ ಅವನು ಎದ್ದು ನಿಂತು, "ಹೇಳಿ ನಿರ್ದೇಶಕರೇ," ಎಂದ. ಬಹುವಚನದಲ್ಲಿ. ಅವರು ಒಂದು ಬಸ್ ಪಾಸು ಕೊಂಡು ಹಿಂತಿರುಗಿದರು. ಅದಾದ ಮೇಲೆ ಎಷ್ಟೋ ವರ್ಷ ಅವರ ನಡುವೆ ಅಷ್ಟೇ: ತಿಂಗಳಿಗೊಮ್ಮೆ ಅಕ್ಕಾವ್ರು ಪಾಸು ಕೊಳ್ಳುತ್ತಿದ್ದರು, ಅವನು ಕೊಡುತ್ತಿದ್ದ. ಅವರಿಗೆ ಮನೆಯಿಂದ ಕಚೇರಿಗೆ ಬಸ್ಸೇ ಬೇಕಿಲ್ಲ, ನಡೆದರೆ ಸಾಕು.

ಆನಂತರದ ಅವರ ಸಾಧನೆ ಸರ್ವವಿದಿತ. ಆ ನಿಯಮ ಬಂದ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ ಕೆಲಸವಿಲ್ಲದೆ ಉಳಿಯುವವರು ಕಡಿಮೆಯಾದರು; ಫೋನಮ್ಮ ಈಗ ಆಸ್ಪತ್ರೆಯೊಂದರ ಸ್ವಾಗತ ವಿಭಾಗದಲ್ಲಿ ಆಳುತ್ತಿದ್ದಾಳೆ; ಹಲವು ದೇಶಗಳು ಸಮೀಕ್ಷೆಯ ಪ್ರಶ್ನೆಗಳನ್ನು ತಿದ್ದಿಕೊಂಡಿವೆ. ಅವರ ಶಿಷ್ಯರು ಅಂಕಿಗಳನ್ನು ನೋಡುವಾಗ ಅವುಗಳ ಹಿಂದೆ ಯಾವ ಕೋಣೆಯಿದೆ ಎಂದು ಕೇಳುವುದನ್ನು ಕಲಿತಿದ್ದಾರೆ. ಅಕ್ಕಾವ್ರು ಆರೋಗ್ಯದಿಂದ ನೂರು ಕಾಲ ಬಾಳಲಿ, ಅರ್ಧಕ್ಕೆ ನಿಂತಿರುವ ದೊಡ್ಡ ಗ್ರಂಥವನ್ನು ಮುಗಿಸಲಿ, ಬೆಳಿಗ್ಗೆ ಎದ್ದಾಗ ಅವರಿಗೆ ಮಾಡಲು ಕೆಲಸವಿರಲಿ, ಅದು ನಿಜವಾದ ಕೆಲಸವಾಗಿರಲಿ ಎಂದು ಸಹೋದ್ಯೋಗಿಗಳೆಲ್ಲರ ಮನಸಾರೆ ಹಾರೈಕೆ.

ಇನ್ನೊಂದು ಸಂಗತಿ ಹೇಳದಿದ್ದರೆ ಲೇಖನ ಮುಗಿಯದು. ಈ ಸಂಪುಟಕ್ಕೊಂದು ಬರಹ ಕೇಳಲು ಸಂಪಾದಕರು ಡಿಪೋಗೆ ಹೋಗಿದ್ದರು. ಅಕ್ಕಾವ್ರ ತಮ್ಮ ಈಗ ಅಲ್ಲಿ ಮುಖ್ಯ ಲೆಕ್ಕಿಗರು, ಕೂದಲು ನರೆತಿದೆ. ಬರೆಯೋಕೆ ನನಗೆ ಬರಲ್ಲ ಎಂದು ಕೈ ಚೆಲ್ಲಿದರು. ಸಂಪಾದಕರು ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದೆಯೇ ಬಂದು ನಿಲ್ಲಿಸಿದರು.

"ಇಷ್ಟು ಹಾಕ್ಕೊಳ್ಳಿ," ಎಂದರು. "ಕಾರ್ಖಾನೆಯವರು ನನಗೆ ಏನೂ ಹೇಳ್ಲಿಲ್ಲ. ಗೇಟು ಹಾಕಿದ್ರು ಅಷ್ಟೇ. ಸರ್ಕಾರದವರೂ ಹೇಳ್ಲಿಲ್ಲ. ಕೆಲಸ ಹೋಗಿದೆ ಅಂತ ಮುಖ ನೋಡಿ ಹೇಳಿದೋಳು ನಮ್ಮಕ್ಕ ಒಬ್ಬಳೇ."

ಸಂಪಾದಕರು ಅದೇ ಸಂಜೆ ಅಕ್ಕಾವ್ರ ಕೋಣೆಗೆ ಹೋಗಿ, ಮುದ್ರಣಕ್ಕೆ ಸಿದ್ಧವಾಗಿದ್ದ ಹೊಗಳಿಕೆಗಳನ್ನೆಲ್ಲ ವಿವರಿಸಿ, ಕೊನೆಗೆ ಈ ಮಾತನ್ನೂ ಹೇಳಿದರು. ಅಕ್ಕಾವ್ರು ಉಳಿದದ್ದೊಂದನ್ನೂ ಕೇಳಿಸಿಕೊಂಡಂತಿರಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಹಳ ಮೆಲ್ಲಗೆ ಕೇಳಿದರು:

"ನಿರ್ದೇಶಕರು ಅಂದ್ನಾ, ಅಕ್ಕ ಅಂದ್ನಾ?"

"ಅಕ್ಕ ಅಂತಾನೇ ಅಂದ್ರು ಮೇಡಂ. 'ನಮ್ಮಕ್ಕ' ಅಂದ್ರು."

ಅಕ್ಕಾವ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ತಿಂಗಳು ಇನ್ನೂ ಮುಗಿದಿರಲಿಲ್ಲ, ಪಾಸು ಜೇಬಿನಲ್ಲೇ ಇತ್ತು. ಆದರೂ ಡಿಪೋದ ಕಡೆಗೆ ಹೊರಟೇಬಿಟ್ಟರು.